ಇಗ್ನಿಷನ್ ಲಾಕ್ ಹಿಡಿದುಕೊಂಡಿದೆಯಾ? ಮೊದಲು ಕಟಿಂಗ್ ಪ್ಲೇಯರ್ ಕೆಳಗಿಡಿ

ಕೀ ಒಳಗೆ ಹೋಗಿದೆ, ತಿರುಗುತ್ತಿಲ್ಲ. ಇಂಥ ಹೊತ್ತಿನಲ್ಲಿ ಕೈ ತಾನಾಗೇ ಇನ್ನೂ ಸ್ವಲ್ಪ ಜೋರು ಹಾಕುತ್ತದೆ. ಬೇಡ. ಕೀ ಮೇಲಿಂದ ಕೈ ತೆಗೆಯಿರಿ. ಹಳೇ ಕಾರಿನ ಕೀ ಅಂದರೆ ಹೆಚ್ಚು ಕಡಿಮೆ ಒಂದು ಹಿತ್ತಾಳೆ ತುಂಡು, ಮೇಲೊಂದು ನಿಕಲ್ ಹೊಳಪು, ಅಷ್ಟೇ. ಹಲ್ಲು ಆಳವಾಗಿ ಕೊರೆದಿರುವ ಕಡೆ ಅದು ಎಷ್ಟು ಸಣ್ಣ ಇದೆ ಅಂತ ಬೆಳಕಿಗೆ ಹಿಡಿದು ನೋಡಿ. ಮುರಿಯುವುದು ಅಲ್ಲೇ. ಅರ್ಧ ಕೀ ಕೈಯಲ್ಲಿ, ಅರ್ಧ ಲಾಕಿನಲ್ಲಿ ಉಳಿದರೆ ಹತ್ತು ನಿಮಿಷದ ಕೆಲಸ ಎರಡು ದಿನದ್ದಾಗುತ್ತದೆ.

ಹೋದ ಡಿಸೆಂಬರಿನಲ್ಲಿ ಮೂಡಿಗೆರೆ ಹತ್ತಿರ ನೆಂಟರ ಮನೆಯಲ್ಲಿ ನಮ್ಮ ಹಳೇ ಡೀಸೆಲ್ ಕಾರು ಹೀಗೇ ಕೈ ಕೊಟ್ಟಿತು. ಬೆಳಿಗ್ಗೆ ಐದೂವರೆ, ಅಂಗಳದ ಆಚೆ ಕಾಫಿ ಗಿಡವೂ ಕಾಣದಷ್ಟು ಮಂಜು, ಹಾಸನದ ಬಸ್ ಸ್ಟ್ಯಾಂಡಿಗೆ ಹೋಗಿ ಅಕ್ಕನನ್ನು ಕರೆದುಕೊಂಡು ಬರಬೇಕು. ಅಂಗಳ ಇಳಿಜಾರು. ರಾತ್ರಿ ನಿಲ್ಲಿಸುವಾಗ ಮುಂದಿನ ಚಕ್ರವನ್ನು ಧರೆ (ಪಕ್ಕದ ಮಣ್ಣಿನ ದಂಡೆ) ಕಡೆ ಪೂರ್ತಿ ತಿರುಗಿಸಿ, ಹಿಂದಿನ ಚಕ್ರಕ್ಕೊಂದು ಕಲ್ಲು ಕೊಟ್ಟು ಮಲಗಿದ್ದೆ. ಬೆಳಿಗ್ಗೆ ಕೀ ಹಾಕಿದರೆ ಕಲ್ಲಿಗೆ ಹಾಕಿದಂತೆ. ಸದ್ದು ಕೇಳಿ ಪಕ್ಕದ ಮನೆಯವರು ಟಾರ್ಚ್ ಹಿಡಿದುಕೊಂಡು ಬಂದರು, ಇನ್ನೊಂದು ಕೈಯಲ್ಲಿ ಕಟಿಂಗ್ ಪ್ಲೇಯರ್. 'ತಡೀರಿ, ಒಂದು ನಿಮಿಷ' ಅಂದೆ. ಎಡಗೈಯಲ್ಲಿ ಸ್ಟೀರಿಂಗ್ ಹಿಡಿದು ಧರೆ ಕಡೆಗೇ ಇನ್ನಷ್ಟು ಒತ್ತಿ, ಹಾಗೇ ಹಿಡಿದುಕೊಂಡು, ಬಲಗೈಯಲ್ಲಿ ಕೀಯನ್ನು ಎರಡೇ ಬೆರಳಲ್ಲಿ ತಿರುಗಿಸಿದೆ. ಒಳಗೆ ಟಕ್ ಅಂತ ಏನೋ ಬಿಟ್ಟುಕೊಂಡಿತು. ಕಾರು ಸ್ಟಾರ್ಟ್ ಆಯಿತು. ಆದರೆ ಕೀ ಯಾಕೋ ಅಂಟಂಟಾಗಿ ತಿರುಗಿದ ಹಾಗಿತ್ತು. ಆ ಅಂಟಿನ ಕಥೆ ಆಮೇಲೆ ಹೇಳುತ್ತೇನೆ.

ನಾವು ಇಗ್ನಿಷನ್ ಲಾಕ್ ಅಂತ ಒಂದೇ ಹೆಸರಲ್ಲಿ ಕರೆಯುವುದು ನಿಜವಾಗಿ ಮೂರು ಸಾಮಾನು. ಒಂದು, ಕೀ ಹೋಗುವ ಸಿಲಿಂಡರ್. ಎರಡು, ಆ ಸಿಲಿಂಡರ್ ತಿರುಗಿದಾಗ ಸ್ಟೀರಿಂಗ್ ರಾಡನ್ನು ಹಿಡಿಯುವ ಅಥವಾ ಬಿಡುವ ಕಬ್ಬಿಣದ ಬೋಲ್ಟು. ಮೂರು, ಸಿಲಿಂಡರಿನ ಹಿಂಭಾಗದಲ್ಲಿ ಕೂತಿರುವ ಕರೆಂಟಿನ ಸ್ವಿಚ್ಚು. ಮೂರೂ ಒಂದೇ ಗೂಡಿನಲ್ಲಿ ಇರುವುದರಿಂದ ಯಾವುದು ಕೆಟ್ಟರೂ ನಮಗೆ ಕಾಣುವುದು ಒಂದೇ: ಗಾಡಿ ಸ್ಟಾರ್ಟ್ ಆಗಲ್ಲ. ಯಾವುದು ಹಿಡಿದಿದೆ ಅಂತ ಗೊತ್ತಿಲ್ಲದೆ ಕೈ ಹಾಕಿದರೆ ಒಂದು ಕೆಟ್ಟಿದ್ದು ಮೂರೂ ಕೆಡುತ್ತದೆ. ನಮ್ಮ ಕಡೆಯ ಹಳೇ ಜೀಪುಗಳನ್ನು ನೋಡಿದವರಿಗೆ ಗೊತ್ತಿರುತ್ತದೆ, ಅವುಗಳಲ್ಲಿ ಕೀ ಡ್ಯಾಶ್‌ಬೋರ್ಡಿನಲ್ಲಿ ಇರುತ್ತಿತ್ತು, ಸ್ಟೀರಿಂಗಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ, ಕೆಲವಕ್ಕಂತೂ ಯಾವ ಕೀ ಹಾಕಿದರೂ ತಿರುಗುತ್ತಿತ್ತು. ಕಳ್ಳರಿಗೆ ಕಷ್ಟ ಆಗಲಿ ಅಂತ ಆಮೇಲೆ ಕೀಯನ್ನು ಸ್ಟೀರಿಂಗ್ ಹತ್ತಿರ ತಂದು, ಎರಡನ್ನೂ ಗಂಟು ಹಾಕಿದರು. ಕಳ್ಳರಿಗಿಂತ ಜಾಸ್ತಿ ಕಷ್ಟ ಆಗಿದ್ದು ನಮಗೇ ಅಂತ ಒಮ್ಮೊಮ್ಮೆ ಅನಿಸುತ್ತದೆ.

ಮೊದಲು ಬೋಲ್ಟಿನ ವಿಷಯ ನೋಡೋಣ. ಹತ್ತರಲ್ಲಿ ಅರ್ಧಕ್ಕಿಂತ ಜಾಸ್ತಿ ಸಲ ತಪ್ಪು ಇದರದ್ದೇ, ಅಥವಾ ಇದರದ್ದು ತಪ್ಪೇ ಅಲ್ಲ, ನಾವು ನಿಲ್ಲಿಸಿದ ರೀತಿಯದ್ದು.

ಹಳೇ ಮನೆಯ ಬಾಗಿಲ ಅಗುಳಿ ನೆನಪಿದೆಯಾ? ಬಾಗಿಲನ್ನು ಹೊರಗಿಂದ ಯಾರಾದರೂ ತಳ್ಳುತ್ತಿದ್ದರೆ ಒಳಗಿಂದ ಅಗುಳಿ ಎಳೆಯಲು ಬರುವುದಿಲ್ಲ. ತಳ್ಳುವವರು ಒಂದು ಕ್ಷಣ ಬಿಟ್ಟರೆ ಸಲೀಸಾಗಿ ಬರುತ್ತದೆ. ಸ್ಟೀರಿಂಗ್ ಲಾಕೂ ಹಾಗೇ. ಕೀ ತೆಗೆದು ಸ್ಟೀರಿಂಗ್ ಸ್ವಲ್ಪ ಆಡಿಸಿದರೆ ಸ್ಪ್ರಿಂಗಿನ ಬಲಕ್ಕೆ ಬೋಲ್ಟು ಹೊರಗೆ ಬಂದು ಸ್ಟೀರಿಂಗ್ ರಾಡಿನ ಕಚ್ಚಿನಲ್ಲಿ ಕೂರುತ್ತದೆ. ಕೀ ತಿರುಗಿಸಿದಾಗ ಅದು ಹಿಂದೆ ಸರಿಯಬೇಕು. ಆದರೆ ಚಕ್ರ ಕಲ್ಲಿಗೋ ಧರೆಗೋ ಒತ್ತಿಕೊಂಡಿದ್ದರೆ ಆ ಒತ್ತಡ ಪೂರ್ತಿ ಸ್ಟೀರಿಂಗ್ ರಾಡ್ ಮೂಲಕ ಬಂದು ಬೋಲ್ಟನ್ನು ಪಕ್ಕಕ್ಕೆ ಅದುಮಿ ಹಿಡಿದಿರುತ್ತದೆ. ಕಲ್ಲೇ ಇರಬೇಕು ಅಂತಲೂ ಇಲ್ಲ. ನಿಂತಲ್ಲೇ ಸ್ಟೀರಿಂಗ್ ತಿರುಗಿಸಿ ಎಂಜಿನ್ ಆಫ್ ಮಾಡಿದರೆ ಟಯರಿನ ರಬ್ಬರು ನೆಲ ಹಿಡಿದುಕೊಂಡು ಹಿಂಡಿದ ಟವಲಿನ ಹಾಗೆ ತಿರುಚಿಕೊಂಡಿರುತ್ತದೆ. ಅದು ವಾಪಸ್ ಬಿಚ್ಚಿಕೊಳ್ಳಲು ನೋಡುತ್ತದೆ, ಬೋಲ್ಟು ಬಿಡುವುದಿಲ್ಲ, ಬೆಳಿಗ್ಗೆ ನೀವು ಬಂದು ಕೀ ಹಾಕಿದಾಗಲೂ ಆ ಜಗಳ ನಡೆದೇ ಇರುತ್ತದೆ.

ಆದ್ದರಿಂದ ಸ್ಟೀರಿಂಗನ್ನು ಒಂದು ಕಡೆ ಒತ್ತಿ ಹಿಡಿದು ಕೀ ತಿರುಗಿಸಿ ನೋಡಿ. ಬರಲಿಲ್ಲ ಅಂದರೆ ಇನ್ನೊಂದು ಕಡೆ ಒತ್ತಿ ಹಿಡಿಯಿರಿ. ಜರ್ಕ್ ಕೊಡಬೇಡಿ, ಒಂದೇ ಸಮ ಒತ್ತಬೇಕು. ಬಲ ಹಾಕುವುದಾದರೆ ಸ್ಟೀರಿಂಗಿಗೆ ಹಾಕಿ, ಕೀಗೆ ಯಾವತ್ತೂ ಎರಡು ಬೆರಳು ಮಾತ್ರ. ಇದಕ್ಕೂ ಬಗ್ಗದಿದ್ದರೆ ಕಾರನ್ನು ಯಾರಾದರೂ ಹಿಂದಿನಿಂದ ಒಂದಿಷ್ಟು ಅಲ್ಲಾಡಿಸಲಿ. ಸಮತಟ್ಟಾದ ಜಾಗವಾದರೆ ಮುಂದಿನ ಚಕ್ರವನ್ನು ಜಾಕ್ ಹಾಕಿ ನೆಲದಿಂದ ಎತ್ತಿಬಿಡಿ, ಟಯರಿನ ತಿರುಚು ಆ ಕ್ಷಣವೇ ಬಿಡುತ್ತದೆ. ಇಳಿಜಾರಿನಲ್ಲಿ ಮಾತ್ರ ಜಾಕ್ ಸಾಹಸ ಬೇಡ.

ಮಲೆನಾಡಿನಲ್ಲಿ ಇರುವವರು ಇಳಿಜಾರಲ್ಲಿ ನಿಲ್ಲಿಸದೆ ಇರಲು ಆಗಲ್ಲ, ಅಲ್ವಾ? ಚಕ್ರ ಧರೆ ಕಡೆ ತಿರುಗಿಸುವುದೂ ಒಳ್ಳೆಯ ಅಭ್ಯಾಸವೇ, ಅದನ್ನು ಬಿಡಿ ಅಂತ ನಾನು ಹೇಳುವುದಿಲ್ಲ. ಹ್ಯಾಂಡ್‌ಬ್ರೇಕ್ ಎಳೆದು, ಗೇರ್ ಹಾಕಿ, ಕಲ್ಲು ಕೊಟ್ಟು, ಗಾಡಿಯ ಭಾರ ಅವುಗಳ ಮೇಲೆ ಕೂತ ಮೇಲೆ ಸ್ಟೀರಿಂಗನ್ನು ಒಂದೆರಡು ಇಂಚು ಸಡಿಲ ಬಿಟ್ಟು, ಆಮೇಲೆ ಕೀ ತೆಗೆಯಿರಿ. ಅಷ್ಟು ಸಾಕು.

ಈಗ ಸಿಲಿಂಡರ್. ಸ್ಟೀರಿಂಗ್ ಎರಡೂ ಕಡೆ ಒತ್ತಿದರೂ ಕೀ ಒಂದಿಷ್ಟೂ ಅಲ್ಲಾಡುತ್ತಿಲ್ಲ ಅಂದರೆ ಅನುಮಾನ ಇತ್ತ ಬರಬೇಕು. ಇದರೊಳಗೆ ಹಿತ್ತಾಳೆಯ ಚಿಕ್ಕ ಚಿಕ್ಕ ತೆಳು ಪ್ಲೇಟುಗಳು ಸಾಲಾಗಿ ಕೂತಿರುತ್ತವೆ. ವೇಫರ್ ಅಂತ ಹೆಸರು, ನಾನು ಬಿಲ್ಲೆ ಅಂತಲೇ ಕರೆಯುತ್ತೇನೆ. ಪ್ರತಿ ಬಿಲ್ಲೆಯ ನಡುವೆ ಒಂದು ಕಿಟಕಿ, ಪಕ್ಕದಲ್ಲಿ ಕೂದಲಿನಷ್ಟು ಸಣ್ಣ ತಂತಿಯ ಸ್ಪ್ರಿಂಗು. ಕೀ ಇಲ್ಲದಿದ್ದಾಗ ಸ್ಪ್ರಿಂಗು ಬಿಲ್ಲೆಗಳನ್ನು ಸಿಲಿಂಡರಿನಿಂದ ಹೊರಗೆ ತಳ್ಳಿ ಸುತ್ತಲ ಗೂಡಿನ ಸೀಳಿನಲ್ಲಿ ಸಿಕ್ಕಿಸಿರುತ್ತದೆ, ಸಿಲಿಂಡರ್ ತಿರುಗಲು ಜಾಗವೇ ಇಲ್ಲ. ಸರಿಯಾದ ಕೀ ಹೋದಾಗ ಅದರ ಒಂದೊಂದು ಹಲ್ಲೂ ಒಂದೊಂದು ಬಿಲ್ಲೆಯನ್ನು ಎಷ್ಟು ಬೇಕೋ ಅಷ್ಟೇ ಸರಿಸಿ, ಎಲ್ಲವನ್ನೂ ಸಿಲಿಂಡರಿನ ಮೈಗೆ ಸಮ ಮಾಡುತ್ತದೆ. ಒಂದೇ ಒಂದು ಬಿಲ್ಲೆ ಉಗುರಿನ ಅಂಚಿನಷ್ಟು ಹೊರಗೆ ಉಳಿದರೂ ಲಾಕ್ ತಿರುಗುವುದಿಲ್ಲ. ಉಳಿದವೆಲ್ಲ ಸರಿಯಾಗಿದ್ದರೂ ಅಷ್ಟೇ.

ಹಾಗಾದರೆ ಬಿಲ್ಲೆ ಯಾಕೆ ಸಮಕ್ಕೆ ಬರುವುದಿಲ್ಲ? ಒಂದೋ ಕೀ ಸವೆದಿದೆ, ಇಲ್ಲವೇ ಬಿಲ್ಲೆ ಸವೆದಿದೆ, ಇಲ್ಲವೇ ನಡುವೆ ಕೊಳೆ ತುಂಬಿ ಬಿಲ್ಲೆ ಸರಿಯುತ್ತಲೇ ಇಲ್ಲ.

ಕೀ ಸವೆತ ಪತ್ತೆ ಮಾಡುವುದು ಸುಲಭ. ಮನೆಯಲ್ಲಿ ಬೀರುವಿನಲ್ಲಿ ಇಟ್ಟು ಮರೆತಿರುವ ಎರಡನೇ ಕೀ ತಂದು ಹಾಕಿ. ಅದು ಬೆಣ್ಣೆ ಹಾಗೆ ತಿರುಗಿದರೆ ಲಾಕಿಗೆ ಕೈ ಹಚ್ಚುವ ಕೆಲಸವೇ ಇಲ್ಲ. ಎರಡನೇ ಕೀ ಇಲ್ಲದವರು, ಕೀಯನ್ನು ಪೂರ್ತಿ ಒಳಗೆ ಹಾಕಿ ಒಂದು ಮಿಲಿಮೀಟರಿನಷ್ಟು ಹಿಂದಕ್ಕೆ ಎಳೆದು ಮೆಲ್ಲಗೆ ತಿರುಗಿಸಿ ನೋಡಿ. ಹಾಗೆ ತಿರುಗಿದರೆ ಹಲ್ಲು ಸವೆದಿದೆ ಅಂತಲೇ ಲೆಕ್ಕ. ಇಲ್ಲಿ ನಮ್ಮವರು ಮಾಡುವ ದೊಡ್ಡ ತಪ್ಪು ಒಂದಿದೆ. ದಿನಾ ಬಳಸಿ ಸವೆದ ಕೀಯನ್ನೇ ತೆಗೆದುಕೊಂಡು ಹೋಗಿ ಬಸ್ ಸ್ಟ್ಯಾಂಡ್ ಹತ್ತಿರ ಛತ್ರಿ ಕೆಳಗೆ ಕೂತವರಲ್ಲಿ ಡೂಪ್ಲಿಕೇಟ್ ಮಾಡಿಸುತ್ತಾರೆ. ಆ ಮಷಿನ್ ನಿಮ್ಮ ಕೀ ಹೇಗಿದೆಯೋ ಹಾಗೇ ಕೊರೆಯುತ್ತದೆ, ಸವೆತವನ್ನೂ ಸೇರಿಸಿ. ಹೊಸ ಹಿತ್ತಾಳೆಯಲ್ಲಿ ಹಳೇ ಸವೆತ. ಡೂಪ್ಲಿಕೇಟಿನ ಡೂಪ್ಲಿಕೇಟಂತೂ ಇನ್ನೂ ಅಧ್ವಾನ. ಬಳಸದ ಕೀಯಿಂದ ನಕಲು ಮಾಡಿಸಿ, ಅಥವಾ ಕಾರು ತಗೊಂಡಾಗ ಕೊಟ್ಟಿದ್ದ ಚಿಕ್ಕ ಟ್ಯಾಗಿನಲ್ಲಿ ಕೀ ನಂಬರ್ ಇದ್ದರೆ ಅದರ ಮೇಲೆ ಕೊರೆಸಿ. ಕೀಯೊಳಗೆ ಚಿಪ್ ಇರುವ ಕಾರಾದರೆ ಬರೀ ಹಲ್ಲು ಕೊರೆಸಿದರೆ ಸಾಲದು, ಲಾಕ್ ತಿರುಗುತ್ತದೆ, ಎಂಜಿನ್ ಹಿಡಿಯುವುದಿಲ್ಲ.

ಡೀಸೆಲ್ ಕಾರಿನಲ್ಲಿ ಈ ಸವೆತ ಸ್ವಲ್ಪ ಬೇಗ ಅಂತ ನನ್ನ ಲೆಕ್ಕ. ಹಳೇ ಡೀಸೆಲ್ ಎಂಜಿನ್ ಐಡ್ಲಿಂಗಿನಲ್ಲಿ ಹೇಗೆ ನಡುಗುತ್ತದೆ ಗೊತ್ತಲ್ಲ. ಕೀ ಗೊಂಚಲಿನಲ್ಲಿ ಮನೆ ಬೀಗ, ಗೋಡೌನ್ ಬೀಗ, ಪಂಪ್‌ಹೌಸ್ ಬೀಗ, ಧರ್ಮಸ್ಥಳದಿಂದ ತಂದ ಒಂದು ಹಿತ್ತಾಳೆ ಪದಕ ಎಲ್ಲ ನೇತಾಡುತ್ತಿದ್ದರೆ ಆ ಭಾರ ಕಾರು ಓಡುವಷ್ಟು ಹೊತ್ತೂ ಬಿಲ್ಲೆಗಳ ಮೇಲೆ ಗರಗಸ ಆಡಿಸುತ್ತದೆ. ಕಾರಿನ ಕೀ ಒಂಟಿಯಾಗಿರಲಿ.

ಇನ್ನು ಕೊಳೆ. ಅಂಟಿನ ಕಥೆ ಹೇಳುತ್ತೇನೆ ಅಂದಿದ್ದೆನಲ್ಲ, ಅದು ಇಲ್ಲಿಗೆ ಬಂತು. ನಮ್ಮ ಮನೆಯಲ್ಲಿ ಯಾವ ಬೀಗ ಬಿಗಿಯಾದರೂ ಒಂದೇ ಔಷಧ, ಕೊಬ್ಬರಿ ಎಣ್ಣೆ. ಮಳೆಗಾಲದಲ್ಲಿ ಯಾರೋ ಕಾರಿನ ಲಾಕಿಗೂ ನಾಲ್ಕು ಹನಿ ಬಿಟ್ಟಿದ್ದರು. (ಯಾರೋ ಅಂದರೆ ನಾನೇ.) ಆಗ ಚೆನ್ನಾಗಿಯೇ ತಿರುಗಿತು. ಆದರೆ ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಮಂಗಳೂರಿನವರಿಗೆ ಇದು ಅಷ್ಟಾಗಿ ಅನುಭವಕ್ಕೆ ಬರಲಿಕ್ಕಿಲ್ಲ. ಡಿಸೆಂಬರ್ ಬೆಳಿಗ್ಗೆ ಮೂಡಿಗೆರೆ, ಸಕಲೇಶಪುರದ ಕಡೆ ಬಚ್ಚಲುಮನೆಯ ಎಣ್ಣೆ ಬಾಟಲಿ ನೋಡಿ, ಬೆಳ್ಳಗೆ ಹೆಪ್ಪುಗಟ್ಟಿರುತ್ತದೆ. ಲಾಕಿನೊಳಗೂ ಅದೇ ಆಗುವುದು. ಅದರ ಜೊತೆ ತೋಟದ ಕೆಂಪು ಧೂಳು ಸೇರಿದರೆ ಬಿಲ್ಲೆಗಳ ನಡುವೆ ಗಾರೆ ಕಟ್ಟಿದ ಹಾಗೆ. ಗ್ರೀಸು, ಎಂಜಿನ್ ಆಯಿಲ್ಲು ಚಳಿಗೆ ಹೀಗೆ ಹೆಪ್ಪುಗಟ್ಟದಿದ್ದರೂ ಧೂಳು ಹಿಡಿಯುವುದರಲ್ಲಿ ಇದಕ್ಕಿಂತ ಒಳ್ಳೆಯವೇನಲ್ಲ.

ಕೊಳೆ ತೆಗೆಯುವುದು ಹೀಗೆ. ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಯಾಕೆಂದರೆ ಹಿಂದೆಯೇ ಕರೆಂಟಿನ ಸ್ವಿಚ್ ಇದೆ. ಕಾಂಟ್ಯಾಕ್ಟ್ ಕ್ಲೀನರೋ ಡಬ್ಲ್ಯೂಡಿ-40ಯೋ ಸಣ್ಣ ನಳಿಕೆ ಇಟ್ಟು ಒಂದೆರಡು ಸಲ ಹೊಡೆಯಿರಿ. ಕೀಯನ್ನು ತಿರುಗಿಸದೆ ಸುಮ್ನೆ ಇಪ್ಪತ್ತು ಸಲ ಒಳಗೆ ಹೊರಗೆ ಮಾಡಿ, ಪ್ರತಿ ಸಲ ಹಳೇ ಬಟ್ಟೆಗೆ ಒರೆಸಿ. ಮೊದಲು ಕಪ್ಪು ಕಷಾಯ ಬರುತ್ತದೆ. ಅದು ತಿಳಿಯಾಗುವ ತನಕ ಮಾಡಿ. ಪೆಟ್ರೋಲ್ ಹಾಕಿ ತೊಳೆಯುವವರನ್ನು ನೋಡಿದ್ದೇನೆ, ಮುಚ್ಚಿದ ಕಾರಿನಲ್ಲಿ ಕಿಡಿ ಹಾರುವ ಸ್ವಿಚ್ಚಿನ ಪಕ್ಕ ಪೆಟ್ರೋಲ್ ಹೊಡೆಯುವ ಧೈರ್ಯ ನನಗಿಲ್ಲ. ಆಮೇಲೆ ಕೀ ಹಾಕಿ, ತೀರಾ ಹಗುರವಾಗಿ ತಿರುಗಿಸುವ ಒತ್ತು ಕೊಟ್ಟು, ಸ್ಕ್ರೂಡ್ರೈವರಿನ ಮರದ ಹಿಡಿಯಿಂದ ಲಾಕಿನ ಮುಖಕ್ಕೆ ಟಿಕ್ ಟಿಕ್ ಅಂತ ತಟ್ಟಿ. ಸಿಕ್ಕಿಕೊಂಡ ಬಿಲ್ಲೆ ಈ ನಡುಕಕ್ಕೆ ಎಷ್ಟೋ ಸಲ ಸಡಿಲವಾಗುತ್ತದೆ. ತಟ್ಟುವುದು ಅಂದರೆ ಮೊಟ್ಟೆ ಒಡೆಯುವಷ್ಟು, ತೆಂಗಿನಕಾಯಿ ಒಡೆಯುವಷ್ಟಲ್ಲ.

ಇಲ್ಲಿಗೆ ಮುಗಿಸಬೇಡಿ. ಡಬ್ಲ್ಯೂಡಿ-40 ಕೊಳೆ ಬಿಡಿಸಲು ಒಳ್ಳೆಯದು, ಲಾಕಿಗೆ ಬಾಳಿಕೆ ಬರುವ ಲೂಬ್ರಿಕೆಂಟ್ ಅಲ್ಲ. ಒಂದು ದಿನ ಒಣಗಲು ಬಿಟ್ಟು ಗ್ರಾಫೈಟ್ ಪುಡಿ ಹಾಕಿ. ಅಂಗಡಿಯಲ್ಲಿ ಸಿಗದಿದ್ದರೆ ಮಕ್ಕಳ ಡ್ರಾಯಿಂಗ್ ಪೆನ್ಸಿಲ್, 6ಬಿ ಆದರೆ ಒಳ್ಳೆಯದು. ಬಿ ಮುಂದಿನ ನಂಬರ್ ಜಾಸ್ತಿಯಾದಷ್ಟೂ ಗ್ರಾಫೈಟ್ ಜಾಸ್ತಿ, ಜೇಡಿಮಣ್ಣು ಕಡಿಮೆ. ಕೀಯ ಎರಡೂ ಬದಿಗೆ, ಹಲ್ಲುಗಳಿಗೆ ಚೆನ್ನಾಗಿ ಗೀಚಿ ಹತ್ತು ಸಲ ಒಳಗೆ ಹೊರಗೆ ಮಾಡಿ. ಎಣ್ಣೆ ಒದ್ದೆ ಇರುವಾಗಲೇ ಗ್ರಾಫೈಟ್ ಹಾಕಿದರೆ ಮತ್ತೆ ಕಪ್ಪು ಹಿಟ್ಟು ಕಲಸಿದಂತೆ ಆಗುತ್ತದೆ, ಅದು ನೆನಪಿರಲಿ. ಪುಡಿಯನ್ನು ಊದಿ ಊದಿ ತುಂಬಬೇಡಿ, ಗ್ರಾಫೈಟಿನಲ್ಲಿ ಕರೆಂಟ್ ಹರಿಯುತ್ತದೆ, ಹಿಂದೆ ಸ್ವಿಚ್ ಇದೆ.

ಇಷ್ಟು ಮಾಡಿ ಕೀ ತಿರುಗಿತು ಅಂದುಕೊಳ್ಳಿ. ಎಲ್ಲರೂ ಇಲ್ಲಿ ನಿಟ್ಟುಸಿರು ಬಿಟ್ಟು ಮರೆತುಬಿಡುತ್ತಾರೆ. ನಾನು ಇಷ್ಟೆಲ್ಲ ಬರೆಯುತ್ತಿರುವುದೇ ಈ ಒಂದು ಮಾತಿಗೆ: ಹೆಚ್ಚಿನ ಕಾರುಗಳಲ್ಲಿ ಸಿಲಿಂಡರನ್ನು ಹೊರಗೆ ತೆಗೆಯಲು ಬರುವುದು ಕೀ ತಿರುಗಿದಾಗ ಮಾತ್ರ. ಕೀಯನ್ನು ಮೊದಲ ಹಂತಕ್ಕೆ, ಅಂದರೆ ಎಸಿಸಿ ಅಂತ ಬರೆದಿರುವಲ್ಲಿಗೆ ತಂದರೆ ಮಾತ್ರ ಸಿಲಿಂಡರನ್ನು ಹಿಡಿದಿರುವ ಚಿಕ್ಕ ಪಿನ್ನು ಗೂಡಿನ ತೂತಿನ ನೇರಕ್ಕೆ ಬರುತ್ತದೆ. ಲಾಕ್ ಪೂರ್ತಿ ಹಿಡಿದುಕೊಂಡು ಕೀ ತಿರುಗುವುದೇ ನಿಂತರೆ ಆ ಪಿನ್ನು ಕೈಗೆ ಸಿಗುವುದಿಲ್ಲ. ಆಮೇಲೆ ಉಳಿಯುವುದು ಡ್ರಿಲ್ ಮಾಡುವುದು, ಇಲ್ಲವೇ ಗೂಡನ್ನೇ ಸ್ಟೀರಿಂಗ್ ಕಾಲಮ್ಮಿನಿಂದ ಕಿತ್ತು ತೆಗೆಯುವುದು. ಆ ಗೂಡನ್ನು ಹಿಡಿದಿರುವ ಬೋಲ್ಟುಗಳಿಗೆ ತಲೆಯೇ ಇರುವುದಿಲ್ಲ. ಫ್ಯಾಕ್ಟರಿಯಲ್ಲಿ ಟೈಟ್ ಮಾಡುವಾಗ ತಲೆ ಮುರಿದು ಬೀಳುವಂತೆ ಬೇಕಂತಲೇ ಮಾಡಿರುತ್ತಾರೆ, ಕಳ್ಳ ಸ್ಪ್ಯಾನರ್ ಹಾಕಬಾರದು ಅಂತ. ಅದನ್ನು ಬಿಚ್ಚಲು ಚಿಸೆಲ್ ಇಟ್ಟು ಬಡಿಯಬೇಕು, ಇಲ್ಲವೇ ಉಳಿದ ಮೋಟಿನ ಮೇಲೆ ಗರಗಸದಲ್ಲಿ ಗೀರು ಕೊಯ್ದು ಸ್ಕ್ರೂಡ್ರೈವರ್ ಹಾಕಬೇಕು. ಡ್ಯಾಶ್‌ಬೋರ್ಡ್ ಕೆಳಗೆ ತಲೆಕೆಳಗಾಗಿ ಮಲಗಿ ಮಾಡುವ ಕೆಲಸ ಇದು, ನಮ್ಮ ನಿಮ್ಮಂಥವರಿಗಲ್ಲ. ಲಾಕ್ ಒಂದೇ ದಿನದಲ್ಲಿ ಸಾಯುವುದಿಲ್ಲ. ತಿಂಗಳುಗಟ್ಟಲೆ ಸೂಚನೆ ಕೊಡುತ್ತದೆ, ಇವತ್ತು ಎರಡನೇ ಸಲಕ್ಕೆ ತಿರುಗಿತು, ನಾಳೆ ಐದನೇ ಸಲಕ್ಕೆ. ಹಾಗಾಗಿ ಇನ್ನೂ ತಿರುಗುತ್ತಿರುವಾಗಲೇ ಬಿಚ್ಚಿ.

ನಾನು ಮುಂದಿನ ಭಾನುವಾರ ಚಿಕ್ಕಮಗಳೂರಿಗೆ ವಾಪಸ್ ಬಂದ ಮೇಲೆ ಬಿಚ್ಚಿದೆ. ಬ್ಯಾಟರಿ ನೆಗೆಟಿವ್ ತೆಗೆದು (ಏರ್‌ಬ್ಯಾಗ್ ಇರುವ ಕಾರಾದರೆ ಅದಾದ ಮೇಲೆ ಹತ್ತು ನಿಮಿಷ ಕಾಯಿರಿ, ಅನುಮಾನ ಇದ್ದರೆ ಕೈಯೇ ಹಾಕಬೇಡಿ), ಸ್ಟೀರಿಂಗ್ ಕೆಳಗಿನ ಪ್ಲಾಸ್ಟಿಕ್ ಕವರಿನ ಸ್ಟಾರ್ ಸ್ಕ್ರೂಗಳನ್ನು ಬಿಚ್ಚಿದರೆ ಗೂಡು ಕಾಣುತ್ತದೆ. ಅದರ ಪಕ್ಕದಲ್ಲಿ ಒಂದು ಚಿಕ್ಕ ತೂತು. ಕೀ ಎಸಿಸಿಗೆ ತಂದು, ಆ ತೂತಿಗೆ ಸೈಕಲ್ ಸ್ಪೋಕ್ ಹಾಕಿ ಒತ್ತಿದೆ. ಸ್ಪೋಕ್ ಸುಮಾರು ಎರಡು ಮಿಲಿಮೀಟರ್ ದಪ್ಪ, ಈ ಕೆಲಸಕ್ಕೆ ಹೇಳಿ ಮಾಡಿಸಿದ ಹಾಗೆ. ಒತ್ತಿ ಹಿಡಿದು ಕೀಯನ್ನೇ ಹಿಡಿಯಾಗಿ ಎಳೆದರೆ ಸಿಲಿಂಡರ್ ಸಮೇತ ಈಚೆಗೆ ಬಂತು. ಎಲ್ಲ ಕಾರಿನಲ್ಲೂ ತೂತು ಒಂದೇ ಜಾಗದಲ್ಲಿ ಇರುವುದಿಲ್ಲ, ಕೆಲವದರಲ್ಲಿ ಕವರಿಗೆ ಮುಚ್ಚಿಕೊಂಡಿರುತ್ತದೆ, ಕೆಲವದರಲ್ಲಿ ತೂತೇ ಇಲ್ಲ, ಆ ಜಾಗ ನೋಡಿ ಕೊರೆಯಬೇಕು. ನಿಮ್ಮ ಮಾಡೆಲ್ಲಿನದ್ದು ಎಲ್ಲಿ ಅಂತ ಮೊದಲೇ ತಿಳಿದುಕೊಂಡು ಕೂರಿ.

ಕೀ ಸಿಲಿಂಡರಿನಲ್ಲೇ ಇರುವಾಗ ಏನೂ ಬೀಳುವುದಿಲ್ಲ. ಕೀ ತೆಗೆದರೆ ಕೆಲವು ಸಿಲಿಂಡರಿನಲ್ಲಿ ಸ್ಪ್ರಿಂಗುಗಳು ಚಿಗಟದ ಹಾಗೆ ಹಾರುತ್ತವೆ. ನಾನು ಅಡಿಕೆ ಹಾಳೆಯ ತಟ್ಟೆ ಇಟ್ಟುಕೊಂಡು ಕೂತಿದ್ದೆ. ಸಿಲಿಂಡರಿಗೆ ಕೀ ಹಾಕಿಕೊಂಡೇ ಮೈ ಮೇಲೆ ಬೆರಳಾಡಿಸಿದರೆ ಏಳು ಬಿಲ್ಲೆ ಸಮ, ಮುಂದಿನಿಂದ ಮೂರನೆಯದು ಮಾತ್ರ ಬೆರಳಿಗೆ ತಾಗುತ್ತಿತ್ತು. ಅದನ್ನು ಸೂಜಿಯಲ್ಲಿ ಎತ್ತಿ ನೋಡಿದರೆ ಕಿಟಕಿಯ ಮೂಲೆಯಲ್ಲಿ ಹಳದಿ ಮೇಣದಂಥದ್ದು, ಅದರೊಳಗೆ ಕಾಫಿಪುಡಿಯ ಹಾಗೆ ಕಾಣುವ ಧೂಳು. ನನ್ನ ನಾಲ್ಕು ಹನಿ ಎಣ್ಣೆ. ಬಿಸಿನೀರಿಗೆ ಸೋಪಿನಪುಡಿ ಹಾಕಿ ಎಲ್ಲ ಬಿಲ್ಲೆಗಳನ್ನೂ ಹಳೇ ಟೂತ್‌ಬ್ರಷ್ಷಿನಲ್ಲಿ ಉಜ್ಜಿದೆ. ಒಂದೊಂದನ್ನೇ ತೆಗೆದು ಥರ್ಮಾಕೋಲ್ ಮೇಲೆ ಸಾಲಾಗಿ ಚುಚ್ಚಿ ನಂಬರ್ ಬರೆದಿಟ್ಟಿದ್ದೆ, ಏಕೆಂದರೆ ಅವು ನೋಡಲು ಒಂದೇ ಥರ ಇದ್ದರೂ ಕಿಟಕಿಯ ಎತ್ತರ ಬೇರೆ ಬೇರೆ. ಕ್ರಮ ತಪ್ಪಿದರೆ ನಿಮ್ಮ ಕೀಯೇ ನಿಮ್ಮ ಲಾಕಿಗೆ ಪರಕೀಯ.

ಸವೆದ ಬಿಲ್ಲೆ ಸಿಕ್ಕರೆ ಏನು ಮಾಡುವುದು? ಒಂದನ್ನು ತೆಗೆದು ಬಿಸಾಡುವ ಮೆಕ್ಯಾನಿಕ್ಕುಗಳಿದ್ದಾರೆ. ಲಾಕ್ ತಿರುಗುತ್ತದೆ, ಭದ್ರತೆ ಅಷ್ಟರ ಮಟ್ಟಿಗೆ ಕಡಿಮೆ. ಇಪ್ಪತ್ತು ವರ್ಷದ ಕಾರಿಗೆ ಒಂದು ಬಿಲ್ಲೆ ಕಡಿಮೆಯಾದರೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ಎರಡು ಮೂರು ಸವೆದಿದ್ದರೆ ಸಿಲಿಂಡರ್ ಬದಲಾಯಿಸುವುದೇ ಸರಿ. ಬದಲಾಯಿಸಿದಾಗ ರಸೀದಿ ಮತ್ತು ಹಳೇ ಕೀಗಳನ್ನು ಎಸೆಯಬೇಡಿ. ಕಾರು ಕಳುವಾಗಿ ಕ್ಲೇಮಿಗೆ ಹೋದರೆ ಇನ್ಶೂರೆನ್ಸಿನವರು ಸಾಮಾನ್ಯವಾಗಿ ಎರಡೂ ಕೀ ಕೇಳುತ್ತಾರೆ, ಲಾಕ್ ಬದಲಾಯಿಸಿದ್ದಕ್ಕೆ ದಾಖಲೆ ಇಲ್ಲದಿದ್ದರೆ ಉತ್ತರ ಕೊಡುವುದು ಕಷ್ಟ.

ಕೀ ಒಳಗೇ ಮುರಿದಿದ್ದರೆ ಸೂಪರ್ ಗ್ಲೂ ಹಚ್ಚಿ ಎಳೆಯುವ ಐಡಿಯಾ ಬಿಡಿ, ಅದು ಬಿಲ್ಲೆಗಳನ್ನೂ ಅಂಟಿಸಿಬಿಡುತ್ತದೆ. ಗರಗಸದ ತೀರಾ ಸಣ್ಣ ಬ್ಲೇಡಿನ ಹಲ್ಲನ್ನು ಹೊರಮುಖವಾಗಿ ಹಾಕಿ, ಚೂರಿನ ಪಕ್ಕಕ್ಕೆ ಸಿಕ್ಕಿಸಿ ಎಳೆಯಬೇಕು. ಸಿಲಿಂಡರ್ ಲಾಕ್ ಜಾಗದಲ್ಲೇ ನಿಂತಿದ್ದರೆ ಮಾತ್ರ ಬರುತ್ತದೆ, ಅರ್ಧ ತಿರುಗಿದಲ್ಲಿ ಮುರಿದಿದ್ದರೆ ಮೊದಲು ಸ್ಕ್ರೂಡ್ರೈವರಿನಲ್ಲಿ ಅದನ್ನು ವಾಪಸ್ ಲಾಕ್ ಜಾಗಕ್ಕೆ ತನ್ನಿ.

ಮೂರನೆಯದು ಕರೆಂಟಿನ ಸ್ವಿಚ್ಚು. ಕೀ ಚೆನ್ನಾಗಿಯೇ ತಿರುಗುತ್ತದೆ, ಆದರೆ ಏನೂ ಆಗುತ್ತಿಲ್ಲ ಅಂದರೆ ಸಿಲಿಂಡರಿಗೆ ಬೈಯಬೇಡಿ. ಕೀ ಅಲ್ಲಾಡಿಸಿದರೆ ಡ್ಯಾಶ್‌ಬೋರ್ಡಿನ ದೀಪ ಮಿಣಮಿಣ ಅನ್ನುತ್ತದೆಯಾ, ಹೀಟರ್ ದೀಪ (ಸ್ಟಾರ್ಟಿಗೆ ಮೊದಲು ಎಂಜಿನ್ ಒಳಗೆ ಬಿಸಿಯಾಗುತ್ತಿದೆ ಅಂತ ತೋರಿಸುವುದು) ಒಮ್ಮೆ ಬರುತ್ತದೆ ಒಮ್ಮೆ ಇಲ್ಲವಾ, ಆಗ ಸ್ವಿಚ್ಚಿನೊಳಗಿನ ತಾಮ್ರದ ಕಾಂಟ್ಯಾಕ್ಟು ಸುಟ್ಟಿದೆ. ಡೀಸೆಲ್ ಎಂಜಿನ್ನಿನ ಕಂಪ್ರೆಷನ್, ಅಂದರೆ ಒಳಗೆ ಗಾಳಿಯನ್ನು ಹಿಂಡುವ ಪ್ರಮಾಣ, 20ಕ್ಕೆ 1ರ ಆಸುಪಾಸು, ಹಳೇ ಪೆಟ್ರೋಲ್ ಎಂಜಿನ್ನಿನದ್ದು 9, 10. ಡೀಸೆಲ್ ಎಂಜಿನ್ ತಿರುಗಿಸಲು ದೊಡ್ಡ ಸ್ಟಾರ್ಟರ್ ಮೋಟರ್ ಬೇಕು, ಅದರ ಸೊಲೆನಾಯ್ಡ್ (ಕರೆಂಟ್ ಕೊಟ್ಟರೆ ಎಳೆಯುವ ಅಯಸ್ಕಾಂತ) ಎಳೆಯುವ ಕ್ಷಣದ ಕರೆಂಟ್ ಅನೇಕ ಹಳೇ ಕಾರುಗಳಲ್ಲಿ ಈ ಚಿಕ್ಕ ಸ್ವಿಚ್ಚಿನ ಮೂಲಕವೇ ಹೋಗುತ್ತದೆ. ಚಳಿಯಲ್ಲಿ ಒಂದೇ ಸಲಕ್ಕೆ ಹಿಡಿಯದೆ ನಾಲ್ಕು ಸಲ ಸೆಲ್ಫ್ ಹೊಡೆದರೆ ನಾಲ್ಕು ಸಲ ಕಿಡಿ. ಹೀಟರ್ ದೀಪ ಆರುವ ತನಕ ಕಾಯಿರಿ ಅಂತ ಹಿರಿಯರು ಹೇಳುವುದರಲ್ಲಿ ಸ್ವಿಚ್ಚಿನ ಆಯಸ್ಸೂ ಇದೆ.

ಪರೀಕ್ಷೆಗೆ ಒಂದು ಮಲ್ಟಿಮೀಟರ್ ಸಾಕು. ಅನೇಕ ಸ್ವಿಚ್ಚುಗಳ ಮೇಲೆ ನಂಬರ್ ಬರೆದಿರುತ್ತದೆ: 30ರಲ್ಲಿ ಯಾವಾಗಲೂ 12 ವೋಲ್ಟ್ ಇರಬೇಕು, 15ರಲ್ಲಿ ಕೀ ಆನ್ ಮಾಡಿದಾಗ, 50ರಲ್ಲಿ ಸೆಲ್ಫ್ ಹೊಡೆಯುವಾಗ. ಎಲ್ಲಿ ಬರುತ್ತಿಲ್ಲವೋ ಅಲ್ಲಿ ಕಾಂಟ್ಯಾಕ್ಟ್ ಹೋಗಿದೆ. ಒಳ್ಳೆಯ ಸುದ್ದಿ ಏನಂದರೆ ಬಹಳ ಕಾರುಗಳಲ್ಲಿ ಈ ಸ್ವಿಚ್ ಬೇರೆಯಾಗಿಯೇ ಸಿಗುತ್ತದೆ, ಒಂದೆರಡು ಚಿಕ್ಕ ಸ್ಕ್ರೂ ಬಿಚ್ಚಿದರೆ ಕೈಗೆ ಬರುತ್ತದೆ. 'ಇಡೀ ಲಾಕ್ ಸೆಟ್ಟೇ ಹಾಕಬೇಕು ಸಾರ್' ಅಂದರೆ ಒಂದು ಸಲ ಇದನ್ನು ಕೇಳಿ ನೋಡಿ. ಹೊಸ ಸ್ವಿಚ್ ಹಾಕುವಾಗ ಸ್ಟಾರ್ಟರ್ ವೈರಿಗೆ ಒಂದು ರಿಲೇ (ಜಾಸ್ತಿ ಕರೆಂಟನ್ನು ತಾನೇ ಹೊರುವ ಬೇರೆ ಸ್ವಿಚ್ಚು) ಹಾಕಿಸಿದರೆ ಹೊಸ ಸ್ವಿಚ್ ಬೇಗ ಸುಡುವುದಿಲ್ಲ.

ಇದಕ್ಕೂ ಗಾಬರಿ ಹುಟ್ಟಿಸುವ ಎರಡು ಇವೆ. ಎಂಜಿನ್ ಸ್ಟಾರ್ಟ್ ಆದ ಮೇಲೂ ಕೀ ಹಿಂದೆ ಬರದೆ ಸ್ಟಾರ್ಟರ್ ತಿರುಗುತ್ತಲೇ ಇದ್ದರೆ ಯೋಚನೆ ಮಾಡುತ್ತಾ ಕೂರಬೇಡಿ. ಕೀಯನ್ನು ಕೈಯಲ್ಲೇ ಆಫ್ ತನಕ ಹಿಂದಕ್ಕೆ ತಿರುಗಿಸಿ ಎಂಜಿನ್ ನಿಲ್ಲಿಸಿ, ಆಮೇಲೂ ಸ್ಟಾರ್ಟರ್ ನಿಲ್ಲಲಿಲ್ಲ ಅಂದರೆ ಬ್ಯಾಟರಿಯ ನೆಗೆಟಿವ್ ಬಿಚ್ಚಿ. 10 ನಂಬರಿನ ಸ್ಪ್ಯಾನರ್ ಒಂದು ನನ್ನ ಡ್ಯಾಶ್‌ಬೋರ್ಡಿನಲ್ಲಿ ಇದೇ ಕಾರಣಕ್ಕೆ ಬಿದ್ದಿರುತ್ತದೆ.

ಇನ್ನೊಂದು, ಕೀ ಆಫ್ ಮಾಡಿದರೂ ಎಂಜಿನ್ ನಿಲ್ಲದಿರುವುದು. ಡೀಸೆಲ್ ಎಂಜಿನ್ನಿಗೆ ಕಿಡಿ ಬೇಡ, ಡೀಸೆಲ್ ಬರುತ್ತಿರುವ ತನಕ ಅದು ಓಡುತ್ತದೆ. ಅದನ್ನು ನಿಲ್ಲಿಸುವುದು ಡೀಸೆಲ್ ಪಂಪಿನ ಮೇಲಿರುವ ಸ್ಟಾಪ್ ಸೊಲೆನಾಯ್ಡ್. ಅದಕ್ಕೆ 12 ವೋಲ್ಟ್ ಇದ್ದರೆ ದಾರಿ ತೆರೆದಿರುತ್ತದೆ, ಕರೆಂಟ್ ಹೋದರೆ ಮುಚ್ಚುತ್ತದೆ. ಇನ್ನೂ ಹಳೆಯವುಗಳಲ್ಲಿ ಕೈಯಲ್ಲಿ ಎಳೆಯುವ ಸ್ಟಾಪ್ ಕೇಬಲ್ ಇರುತ್ತಿತ್ತು. ಹಳೇ ಮರ್ಸಿಡೀಸ್ ಡೀಸೆಲ್ಲುಗಳದ್ದಂತೂ ಮಜಾ, ಕೀ ಲಾಕಿನ ಹಿಂದೆ ಒಂದು ವ್ಯಾಕ್ಯೂಮ್ ವಾಲ್ವ್, ಕೀ ಆಫ್ ಮಾಡಿದರೆ ಗಾಳಿ ಎಳೆದು ಪಂಪ್ ಬಂದ್ ಮಾಡುತ್ತದೆ. ಸ್ವಿಚ್ ಅಂಟಿಕೊಂಡು 15ಕ್ಕೆ ಕರೆಂಟ್ ಬರುತ್ತಲೇ ಇದ್ದರೆ ನೀವು ಕೀ ಕಿತ್ತುಕೊಂಡು ಮನೆಗೆ ಹೋದರೂ ಎಂಜಿನ್ ಓಡುತ್ತಲೇ ಇರುತ್ತದೆ. ಆಗ ಬ್ಯಾಟರಿ ಬಿಚ್ಚಿ ಪ್ರಯೋಜನವಿಲ್ಲ, ಎಂಜಿನ್ನಿನಿಂದ ತಿರುಗಿ ಕರೆಂಟ್ ಮಾಡುವ ಆಲ್ಟರ್ನೇಟರೇ ಕರೆಂಟ್ ಕೊಡುತ್ತಿರುತ್ತದೆ, ಮೇಲಿಂದ ಅದು ಸುಡುವ ಅಪಾಯ ಬೇರೆ. ಹ್ಯಾಂಡ್‌ಬ್ರೇಕ್ ಎಳೆದು, ಬ್ರೇಕ್ ಗಟ್ಟಿಯಾಗಿ ತುಳಿದು, ಟಾಪ್ ಗೇರ್ ಹಾಕಿ ಕ್ಲಚ್ ಬಿಡಿ. ಕೆಮ್ಮಿ ನಿಲ್ಲುತ್ತದೆ.

ಕೊನೆಗೊಂದು ಬೈಪಾಸ್ ವಿಷಯ. ಲಾಕ್ ಕೈ ಕೊಟ್ಟಾಗ ವೈರ್ ಎಳೆದು ಪುಷ್ ಬಟನ್ ಹಾಕಿಕೊಡುವವರು ಎಲ್ಲ ಊರಲ್ಲೂ ಇದ್ದಾರೆ. ಎಂಜಿನ್ ಓಡುತ್ತದೆ, ನಿಜ. ಆದರೆ ಕೆಟ್ಟ ಲಾಕಿನ ಗೂಡಿನಲ್ಲಿ ಆ ಸ್ಟೀರಿಂಗ್ ಬೋಲ್ಟು ಸ್ಪ್ರಿಂಗಿನ ಮೇಲೆ ಕೂತೇ ಇದೆ. ಚಾರ್ಮಾಡಿಯ ತಿರುವಿನಲ್ಲಿ ಅದು ಟಕ್ ಅಂತ ಹೊರಗೆ ಬಂದರೆ? ಬಟನ್ ಹಾಕಿಸಲೇಬೇಕಾದ ಪರಿಸ್ಥಿತಿ ಬಂದರೆ ಮೊದಲು ಆ ಬೋಲ್ಟನ್ನು ತೆಗೆಸಿ, ಆಮೇಲೆ ಗಾಡಿ ಕದಲಿಸಿ. ಡೀಸೆಲ್ ಉಳಿಸುತ್ತೇನೆ ಅಂತ ಘಾಟಿಯಲ್ಲಿ ಕೀ ಆಫ್ ಮಾಡಿ ಇಳಿಯುವವರಿಗೂ ಇದೇ ಮಾತು. ಅವರಿಗೆ ಇನ್ನೊಂದು ತೊಂದರೆಯೂ ಇದೆ, ಡೀಸೆಲ್ ಕಾರಿನಲ್ಲಿ ಬ್ರೇಕ್ ಪೆಡಲ್ ಹಗುರ ಮಾಡುವ ವ್ಯಾಕ್ಯೂಮ್ ಬರುವುದು ಎಂಜಿನ್ನಿನಿಂದ ತಿರುಗುವ ಪಂಪಿನಿಂದ, ಎಂಜಿನ್ ನಿಂತ ಮೇಲೆ ಎರಡು ಮೂರು ಸಲ ಬ್ರೇಕ್ ಒತ್ತಿದರೆ ಪೆಡಲ್ ಕಲ್ಲಾಗುತ್ತದೆ.

ಸಿಲಿಂಡರ್ ವಾಪಸ್ ಹಾಕಿದ ಮೇಲೆ ಪ್ಲಾಸ್ಟಿಕ್ ಕವರ್ ಮುಚ್ಚುವ ಆತುರ ಬೇಡ. ಬ್ಯಾಟರಿ ಜೋಡಿಸುವ ಮೊದಲೇ ಕೀಯನ್ನು ಲಾಕಿನಿಂದ ಸ್ಟಾರ್ಟ್ ತನಕ ಹತ್ತು ಸಲ ತಿರುಗಿಸಿ, ಪ್ರತಿ ಸಲ ಸ್ಟಾರ್ಟಿನಿಂದ ತಾನಾಗೇ ಹಿಂದೆ ಬರುತ್ತದೆಯೇ ನೋಡಿ. ಕೀ ತೆಗೆದು ಸ್ಟೀರಿಂಗ್ ಆಡಿಸಿ, ಬೋಲ್ಟು ಕೂರಬೇಕು. ಕೀ ಹಾಕಿ ತಿರುಗಿಸಿ, ಬಿಡಬೇಕು, ಸ್ಟೀರಿಂಗ್ ಒಂದು ತುದಿಯಿಂದ ಇನ್ನೊಂದು ತುದಿಗೆ ಎಲ್ಲೂ ತಾಗದೆ ಹೋಗಬೇಕು. ಆಮೇಲೆ ಬ್ಯಾಟರಿ, ಆಮೇಲೆ ಸ್ಟಾರ್ಟ್, ಆಫ್ ಮಾಡಿದರೆ ನಿಲ್ಲುತ್ತದೆಯೇ ಅಂತ ನೋಡಿ, ಕೊನೆಗೆ ಕವರ್. ಬ್ಯಾಟರಿ ಬಿಚ್ಚಿದ್ದರಿಂದ ಡ್ಯಾಶ್‌ಬೋರ್ಡಿನ ಗಡಿಯಾರ ಮತ್ತೆ ಮೊದಲಿನಿಂದ ಶುರುವಾಗಿರುತ್ತದೆ. ನಮ್ಮದು ಆ ಭಾನುವಾರದಿಂದ ತನ್ನದೇ ಟೈಮಿನಲ್ಲಿ ಓಡುತ್ತಿದೆ, ಸರಿ ಮಾಡಬೇಕು.